ಮೊದಲ ಸೂಜಿ ಯಾರ ಕಣ್ಣಿಗೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಸಭೆಗಳಲ್ಲಿ ಮಾಡಿದ ಭಾಷಣ)



ಮಳೆ, ಬೆಳೆ, ಅಡಿಕೆ ಧಾರಣೆಗಳ ಮಾತಿನ ನಡುವೆ ಇಂದು ಒಂದು ಸೂಜಿಯ ವಿಚಾರವನ್ನು ನಿಮ್ಮ ಮುಂದಿಡುತ್ತೇವೆ. ಕಣ್ಣಿನ ಪೊರೆ ತೆಗೆಯುವ ಮುನ್ನ ನೋವು ಕಾಣದಂತೆ ಕೊಡುವ ಚುಚ್ಚುಮದ್ದು ಅದು. ಈಗ ಕೆಲವು ಆಪರೇಷನ್ನುಗಳಿಗೆ ಬರಿಯ ಹನಿಮದ್ದೇ ಸಾಕು. ಆದರೂ ಸೂಜಿಯ ಕಾಲ ಮುಗಿದಿಲ್ಲ.

ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರು. ಅದು ಕೂತಿರುವ ಎಲುಬಿನ ಗೂಡಿನ ಆಳ 40ರಿಂದ 45. ಅಷ್ಟರೊಳಗೆ ಗುಡ್ಡೆಯನ್ನು ತಿರುಗಿಸುವ ಆರು ಸ್ನಾಯುಗಳು, ರಕ್ತನಾಳಗಳು, ನೋಟವನ್ನು ಮಿದುಳಿಗೆ ಒಯ್ಯುವ ನರ. ಗುಡ್ಡೆಯ ಪಕ್ಕದಿಂದ ಸೂಜಿ ಇಳಿಸುವ ವೈದ್ಯರಿಗೆ ಅದರ ತುದಿ ಕಾಣುವುದಿಲ್ಲ. ಕೈಯ ಅಂದಾಜೇ ದಾರಿ. ದಾರಿ ತಪ್ಪಿದರೆ ಗುಡ್ಡೆ ತೂತಾಗಬಹುದು, ಹಿಂದೆ ರಕ್ತ ತುಂಬಬಹುದು, ಮದ್ದು ಮಿದುಳಿನ ಕಡೆ ಹರಿದು ಉಸಿರಾಟಕ್ಕೇ ಅಪಾಯ ಬರಬಹುದು. ಇದು ತೀರ ಅಪರೂಪ. ಹೆದರಿ ಯಾರೂ ಆಪರೇಷನ್ ಬಿಡಬಾರದು.

ಕಾಣದ ಜಾಗದ ವಿದ್ಯೆಯಲ್ಲಿ ತಿಳಿದವರೂ ಎಡವುತ್ತಾರೆ. ಸೂಜಿ ಹಾಕುವಾಗ ರೋಗಿ ಮೇಲಕ್ಕೆ, ಮೂಗಿನ ಕಡೆಗೆ ನೋಡಬೇಕೆಂದು 1936ರಲ್ಲಿ ಅಟ್ಕಿನ್‌ಸನ್ ಎಂಬ ವೈದ್ಯರು ಬರೆದರು. ಹಾಗೆ ನೋಡಿದರೆ ನೋಟದ ನರವೇ ಸೂಜಿಯ ದಾರಿಗೆ ಹತ್ತಿರವಾಗುತ್ತದೆಂದು 1981ರಲ್ಲಿ ಸ್ಕ್ಯಾನ್ ತೋರಿಸಿತು. ಈಗ ನೇರ ನೋಡಲು ಹೇಳುತ್ತಾರೆ. ತಿದ್ದುಪಡಿಗೆ 45 ವರ್ಷ ಹಿಡಿಯಿತು!

ಇದಕ್ಕೊಂದು ಉಪಾಯವನ್ನು ಮದರಾಸಿನ ಐಐಟಿ ಮತ್ತು ಚೆನ್ನೈನ ಶಂಕರ ನೇತ್ರಾಲಯದವರು ಕೂಡಿ ಮಾಡಿದ್ದಾರೆ. ಮನುಷ್ಯನ ಕಣ್ಣಿನ ಗೂಡಿನದೇ ಅಚ್ಚು. ಒಳಗೆ ಗುಡ್ಡೆ, ಸ್ನಾಯು. ಅವಕ್ಕೆ ಸಂವೇದಕಗಳ ಜೋಡಣೆ. ಸೂಜಿ ಸ್ನಾಯುವಿನ ಹತ್ತಿರ ಬಂದರೆ ವಿದ್ಯುತ್ತಿನ ಅಳತೆಯಲ್ಲಿ ಸಣ್ಣ ವ್ಯತ್ಯಾಸವಾಗಿ, ಎಚ್ಚರಿಕೆ ಸಿಗುತ್ತದೆ. ಕಲಿಯುವವರ ತಪ್ಪು ಅಲ್ಲೇ ಬಯಲಾಗುತ್ತದೆ, ಯಾರ ಕಣ್ಣೂ ಹೋಗುವುದಿಲ್ಲ. ಇದರ ಪರೀಕ್ಷೆಯ ವರದಿ 2015ರಲ್ಲಿ ನೇತ್ರವೈದ್ಯರ ಪತ್ರಿಕೆಯಲ್ಲಿ ಬಂತು.

ಹೋರಿಗರುವನ್ನು ಮೊದಲ ದಿನವೇ ಬಿತ್ತನೆಗೆ ಕಟ್ಟುವ ರೈತ ಉಂಟೇ? ಕೊರಡು ಎಳೆಸಿ ಪಳಗಿಸಿದ ಮೇಲೆ ತಾನೆ ಹೊಲಕ್ಕಿಳಿಸುವುದು?

ಡಾ. ಎಂ. ಸಿ. ಮೋದಿಯವರು ಶಿಬಿರಗಳನ್ನು ಹಳ್ಳಿಯ ಬಾಗಿಲಿಗೆ ತಂದು ಲೆಕ್ಕವಿಲ್ಲದಷ್ಟು ಬಡವರಿಗೆ ಬೆಳಕು ಕೊಟ್ಟರು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಈ ಉಪಕಾರವನ್ನು ನಾವು ಮರೆಯುವವರಲ್ಲ. ವೈದ್ಯರು ಕಲಿಯಲೇಬೇಕು, ಕಲಿಯದೆ ನಾಳೆಯ ವೈದ್ಯರಿಲ್ಲ, ಇದನ್ನೂ ಬಲ್ಲೆವು. ಆದರೆ ಕಲಿಯುವ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ ಕಾಸು ಕೊಡಲಾಗದವರ ಕಣ್ಣು. ಧರ್ಮದ ಹಾಸಿಗೆಯಲ್ಲಿ ಮಲಗಿದ ಮಾತ್ರಕ್ಕೆ ಕಣ್ಣು ಅಗ್ಗವಾಗುವುದೇ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ಇದೆ. ಅಲ್ಲಾಗಲಿ ಬೇರೆಲ್ಲಾಗಲಿ, ನೇತ್ರವೈದ್ಯರು ತಯಾರಾಗುವ ಕಡೆಯೆಲ್ಲ ಇಂಥ ಮಾದರಿ ಇರಲಿ. ಅದರ ಮೇಲೆ ಕೈ ಪಳಗಿದ ನಂತರವೇ ಮೊದಲ ಸೂಜಿ. ಆಗಲೂ ಪಕ್ಕದಲ್ಲಿ ಅನುಭವಿ ವೈದ್ಯರು ನಿಂತಿರಲಿ. ಯಂತ್ರ ಗುರುವಿನ ಬದಲಿಯಲ್ಲ. ಖರ್ಚು ಸರ್ಕಾರದ್ದಾಗಲಿ.

ನಿಮ್ಮ ಪಾಲಿನ ಕೆಲಸವೂ ಇದೆ. ಶಿಬಿರಕ್ಕೆ ಹೋದಾಗ, ಹೆಚ್ಚು ಪವರಿನ ಮೈನಸ್ ಕನ್ನಡಕ ಹಾಕುತ್ತಿದ್ದರೆ ಮೊದಲೇ ಹೇಳಿ. ಅಂಥ ಕಣ್ಣು ಉದ್ದವಾಗಿರುವುದರಿಂದ ಸೂಜಿ ತಗಲುವ ಅಪಾಯ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಸೂಜಿ ಹಾಕುವವರು ಯಾರು, ಪಕ್ಕದಲ್ಲಿ ಹಿರಿಯರು ಇದ್ದಾರೆಯೇ ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ, ಕಣ್ಣು ನಿಮ್ಮದು. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯ ಠರಾವು ಬರೆಸಿ, ರುಜು ಮಾಡಿ, ಜಿಲ್ಲಾ ಕೇಂದ್ರಕ್ಕೆ ಕಳಿಸಿಕೊಡಿ.