ಪಾಸ್‌ವರ್ಡ್ ಸೋರಿಕೆ: ಮೊದಲು ಬೀಗ, ಆಮೇಲೆ ವಿಚಾರಣೆ
(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ, ಗುತ್ತಿಗೆದಾರರ ಠೇವಣಿಯ 11.5 ಕೋಟಿ ರೂಪಾಯಿಗಳನ್ನು ಅಪಹರಿಸಲಾಯಿತು. ನಮ್ಮ ಪಂಚಾಯಿತಿಗಳ ಹಣಕ್ಕೂ ಇಂದು ಪಾಸ್‌ವರ್ಡ್ ಮತ್ತು ಡಿಜಿಟಲ್ ಸಹಿಯ ಡೋಂಗಲ್‌ಗಳೇ ಕಾವಲು.

ಸೋರಿಕೆಯ ಎಚ್ಚರಿಕೆಗಳು ರಾಶಿಯಾಗಿ ಬಂದಾಗ ಅವುಗಳನ್ನು ವಿಂಗಡಿಸಲು ದೊಡ್ಡ ಸಂಸ್ಥೆಗಳು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಬಳಸತೊಡಗಿವೆ. ಅವು ನೋಡುವುದು ಮೂರು ಅಂಶ: ಪಾಸ್‌ವರ್ಡ್ ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ, ಅದರಿಂದ ಯಾವ ಬಾಗಿಲು ತೆರೆಯುತ್ತದೆ? ರದ್ದಾದದ್ದು ಕೆಳಕ್ಕೆ, ಹಣ ಪಾವತಿಯದು ಮೇಲಕ್ಕೆ. ಆದರೆ ಯಂತ್ರವು ಸರದಿಯನ್ನಷ್ಟೇ ಸೂಚಿಸಬಲ್ಲದು; ಹೊಣೆ ಸಹಿ ಮಾಡುವವರದೇ. ಪರೀಕ್ಷಿಸಲೆಂದು ಪಾಸ್‌ವರ್ಡನ್ನೇ ಚಾಟ್ ತಂತ್ರಾಂಶದಲ್ಲಿ ಬರೆದರೆ ಅದು ಮತ್ತೊಂದು ಸೋರಿಕೆ.

ಆ ಮೂರು ಪ್ರಶ್ನೆಗಳನ್ನು ನಾವೂ ಸಭೆಯಲ್ಲಿ ಕೇಳೋಣ. ಅಧ್ಯಕ್ಷರ ಡೋಂಗಲ್ ಅನ್ಯರ ಮೇಜಿನಲ್ಲಿರಬಾರದು. ಶಂಕೆ ಬಂದೊಡನೆ ಪಾಸ್‌ವರ್ಡ್ ಬದಲಿಸಿ, ಸಹಿಯನ್ನು ರದ್ದುಪಡಿಸಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಸರ್ಕಾರಿ ಸಂಸ್ಥೆಗಳು ಇಂಥ ಘಟನೆಯನ್ನು 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ ನಿರ್ದೇಶನ ವಿಧಿಸಿದೆ.

ತಪ್ಪನ್ನು ತಾನೇ ಬಂದು ಹೇಳಿದ ಸಿಬ್ಬಂದಿಯನ್ನು ಮೊದಲು ಗದರಿಸದಿರಿ. ಗದರಿದರೆ ಮುಂದಿನ ಬಾರಿ ಯಾರೂ ಹೇಳಲಾರರು. ಬೀಗ ಹಾಕುವ ಹೊತ್ತಿಗೆ ಖಾತೆ ಬರಿದಾಗಿರುತ್ತದೆ.