ಕಬ್ಬಿಣ ಆವಿಯಾಗುವ ಗ್ರಹ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯಿಂದ ಮಕ್ಕಳು, ಮೇಷ್ಟ್ರುಗಳು ಮಾದರಿಗಳನ್ನು ಹೊತ್ತು ಬಂದಿದ್ದಾರೆ. ಈ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಏನೇನಿದೆ ಅನ್ನುವುದನ್ನು ಮಕ್ಕಳೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಉಕ್ಕಿನ ಪ್ರಯೋಗಾಲಯದಲ್ಲಿ ದುಡಿದವನು. ಬೆಳಕಿನ ಗೆರೆ ಓದುವುದೊಂದೇ ನಾನು ಬಲ್ಲ ವಿದ್ಯೆ.

ಉಕ್ಕಿನ ತುಂಡನ್ನು ಉಜ್ಜಿ ನಯಮಾಡಿ, ಆರ್ಗಾನ್ ಹಾಯಿಸಿ ಕಿಡಿ ಹೊಡೆಸುತ್ತಿದ್ದೆವು. ಕಿಡಿಯ ಬೆಳಕು ಗೆರೆಗಳಾಗಿ ಒಡೆಯುತ್ತಿತ್ತು. ಕಬ್ಬಿಣದ ಗೆರೆಗಳೇ ಬೇರೆ, ಮ್ಯಾಂಗನೀಸಿನವೇ ಬೇರೆ. ರಾತ್ರಿ ಪಾಳಿಯಲ್ಲಿ ಕುಲುಮೆಯವರು ಫಲಿತಾಂಶಕ್ಕಾಗಿ ಬಾಗಿಲಲ್ಲೇ ಕಾಯುತ್ತಿದ್ದರು. ಎಷ್ಟೋ ರಾತ್ರಿ ನಾನು ನೋಡಿದ್ದು ಆ ಗೆರೆಗಳನ್ನೇ.

2020ರಲ್ಲಿ ಚಿಲಿಯ ದೊಡ್ಡ ದೂರದರ್ಶಕದ ಎಸ್ಪ್ರೆಸೊ ಎಂಬ ರೋಹಿತಮಾಪಕ, ಸುಮಾರು 640 ಜ್ಯೋತಿರ್ವರ್ಷ ಆಚೆಯ ವಾಸ್ಪ್-76ಬಿ ಗ್ರಹದ ವಾತಾವರಣದಲ್ಲಿ ಅವೇ ಕಬ್ಬಿಣದ ಗೆರೆಗಳನ್ನು ಹಿಡಿಯಿತು ಎಂದು ಓದಿದಾಗ ಮೈ ಜುಮ್ಮೆಂದಿತು. ಅದು ಗುರು ಗ್ರಹದಂಥ ದೈತ್ಯ. 2 ದಿನದೊಳಗೆ ತನ್ನ ನಕ್ಷತ್ರವನ್ನು ಸುತ್ತಿಬಿಡುತ್ತದೆ. ಒಂದೇ ಮುಖ ಸದಾ ಬಿಸಿಲಿಗೆ. ಆ ಮಗ್ಗುಲು 2,400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗುವುದು 1,538ಕ್ಕೆ; ಅಲ್ಲಿ ಅದು ಆವಿಯಾಗಿ ಗಾಳಿ ಸೇರಿದೆ. ಗ್ರಹ ನಕ್ಷತ್ರಕ್ಕೆ ಅಡ್ಡ ಹಾಯುವಾಗ ಅದರ ಅಂಚಿನ ಗಾಳಿಯನ್ನು ದಾಟಿ ಬಂದ ಬೆಳಕಿನಲ್ಲಿ ಆ ಗೆರೆಗಳ ಜಾಗ ಕಪ್ಪಾಗುತ್ತದೆ. ಸಂಜೆಯ ಅಂಚಿನಲ್ಲಿ ಕಬ್ಬಿಣ ಕಂಡಿತು, ಮುಂಜಾವಿನ ಅಂಚಿನಲ್ಲಿ ಕಾಣಲಿಲ್ಲ. ಇರುಳಿನ ಭಾಗದಲ್ಲಿ ತಣಿದು ಕಬ್ಬಿಣದ ಮಳೆಯಾಗಿರಬೇಕು ಎಂದರು ವಿಜ್ಞಾನಿಗಳು. ಮೋಡ ಮರೆಮಾಡಿರಬಹುದು ಎಂದು ವಾದಿಸುವವರೂ ಇದ್ದಾರೆ. ಮರುವರ್ಷ ಮ್ಯಾಂಗನೀಸೂ ಸಿಕ್ಕಿತು. ನಮ್ಮ ಸಂಡೂರಿನ ಗುಡ್ಡದಲ್ಲಿ ಅಗೆಯುವ ಎರಡೂ ಲೋಹ!

ಈ ಅದಿರಿನ ಸೀಮೆಯಲ್ಲೇ ಹುಟ್ಟಿದ ಮಕ್ಕಳಿಗೆ ಆ ಗೆರೆಗಳನ್ನು ಯಾರೂ ತೋರಿಸಿಲ್ಲ ಅನ್ನುವುದು ನನ್ನ ಸಂಕಟ. ನಾನು ಓದಿದ ಶಾಲೆಯಲ್ಲಿ ಪ್ರಿಸಮ್ ಇತ್ತು, ಬೀರುವಿನೊಳಗೆ. ಒಡೆದೀತೆಂಬ ಭಯಕ್ಕೆ ಹೊರಗೆ ತೆಗೆಯುತ್ತಿರಲಿಲ್ಲ. ಕೆಲಸಕ್ಕೆ ಸೇರುವತನಕ ನಾನು ಒಂದು ಗೆರೆಯನ್ನೂ ಕಂಡಿರಲಿಲ್ಲ. ಇಂದಿಗೂ ಬಹಳ ಮಕ್ಕಳು ರೋಹಿತವನ್ನು ಚಿತ್ರದಲ್ಲಿ ನೋಡಿ, ಉತ್ತರ ಬಾಯಿಪಾಠ ಮಾಡಿ ಪಾಸಾಗುತ್ತಿದ್ದಾರೆ.

ಮೇಷ್ಟ್ರೇ, ಗೆರೆ ನೋಡಲು ಒಂದು ರಟ್ಟಿನ ಡಬ್ಬಿ, ಸಣ್ಣ ಸೀಳು, ಹಳೆಯ ಸಿಡಿಯ ತುಂಡು ಇದ್ದರೆ ಸಾಕು. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ. ಸ್ಪಿರಿಟ್ ದೀಪದ ಜ್ವಾಲೆಗೆ, ನೀವೇ ನಿಂತು, ಚಿಟಿಕೆ ಉಪ್ಪು ಹಾಕಿ. ಡಬ್ಬಿಯಲ್ಲಿ ಸೋಡಿಯಂನ ಹಳದಿ ಗೆರೆ ಮಿಂಚುತ್ತದೆ. ಸೌರಮಂಡಲದಾಚೆಯ ಗ್ರಹವೊಂದರ ಗಾಳಿಯಲ್ಲಿ ಮೊಟ್ಟಮೊದಲು, 2001ರಲ್ಲಿ, ಹಬಲ್ ದೂರದರ್ಶಕಕ್ಕೆ ಸಿಕ್ಕಿದ್ದೂ ಸೋಡಿಯಮ್ಮೇ. ಪರೀಕ್ಷೆ ಬರುವ ಮೊದಲು ಪ್ರತಿ ಮಗುವಿಗೂ ಆ ಗೆರೆಯನ್ನು ಒಮ್ಮೆ ತೋರಿಸಿ.