ನಗರಸಭೆಯ ಲೆಕ್ಕವೂ ಕನ್ನಡಿಗರ ಹೊಣೆಯೂ



ಏಕೀಕರಣವೆಂದೊಡನೆ ನಮ್ಮ ಮನಸ್ಸು ಗಡಿಗಳ ಕಡೆಗೆ ಓಡುವುದು ಸಹಜ. ಈ ಹೊತ್ತು ನಾನು ನಿಮ್ಮನ್ನು ಅಷ್ಟು ದೂರ ಕರೆದೊಯ್ಯದೆ, ನಿಮ್ಮ ಊರಿನ ನಗರಸಭೆಯ ಮೆಟ್ಟಿಲವರೆಗೆ ಮಾತ್ರ ಕರೆದೊಯ್ಯುವೆನು.

ಈ ಸೀಮೆ ಎಷ್ಟು ಚೂರಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಜಮಖಂಡಿಯೂ ಬನಹಟ್ಟಿಯೂ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದವು, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗಲಿಯದು, ಬೀಳಗಿಯೊಂದು ಆಂಗ್ಲರ ವಿಜಾಪುರ ಜಿಲ್ಲೆಯಲ್ಲಿತ್ತು. ಮಗ್ಗದ ಸದ್ದು ಒಂದೇ ಆಗಿದ್ದರೂ ರಬಕವಿಯ ನೇಕಾರನಿಗೆ ಒಬ್ಬ ಒಡೆಯ, ಬನಹಟ್ಟಿಯ ನೇಕಾರನಿಗೆ ಮತ್ತೊಬ್ಬ ಒಡೆಯ! 1948ರ ಮಾರ್ಚ್ ತಿಂಗಳಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಎಲ್ಲವೂ ಕನ್ನಡ ರಾಜ್ಯದೊಳಕ್ಕೆ ಬಂದವು. 1964ರ ಪುರಸಭೆಗಳ ಕಾಯಿದೆಯು ಇವಕ್ಕೆಲ್ಲ ಒಂದೇ ಕಟ್ಟಳೆಯನ್ನು ವಿಧಿಸಿತು.

ಸಂಸ್ಥಾನಗಳ ದಫ್ತರವು ಮರಾಠಿಯಲ್ಲಿ ನಡೆಯುತ್ತಿದ್ದಿತು. ಕನ್ನಡವೊಂದನ್ನೇ ಬಲ್ಲವನು ತನ್ನ ಮನೆಯ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿದ್ದಿತು. ಇಂದು ಆ ಲೆಕ್ಕವು ಕನ್ನಡದಲ್ಲಿದೆ. ಆದರೆ ಅದನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ?

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಿ ನಗರಸಭೆಗಳಿವೆ. ಬೀಳಗಿಯಲ್ಲಿ ಪಟ್ಟಣ ಪಂಚಾಯತಿ. ವಾರ್ಡಿಗೊಬ್ಬರಂತೆ ನಾವು ಆರಿಸಿ ಕಳುಹಿಸಿದ ಸದಸ್ಯರು ತಮ್ಮೊಳಗೆ ಅಧ್ಯಕ್ಷರನ್ನು ಆರಿಸಿಕೊಳ್ಳುವರು. ಶಾಸಕರಿಗೂ ಸಂಸದರಿಗೂ ಅಲ್ಲಿ ಮತವುಂಟು. ಸರಕಾರವು ನೇಮಿಸಿದವರಿಗೆ ಇಲ್ಲ. ಸಭೆಯು ನಿರ್ಣಯಿಸಿದುದನ್ನು ನಡೆಯಿಸುವವರು ನಗರಸಭೆಯಲ್ಲಿ ಪೌರಾಯುಕ್ತರು, ಪಟ್ಟಣ ಪಂಚಾಯತಿಯಲ್ಲಿ ಮುಖ್ಯಾಧಿಕಾರಿಗಳು. ಇವರು ಸರಕಾರದ ನೌಕರರು. ಗಟಾರ ತುಂಬಿದರೆ ಸದಸ್ಯರನ್ನು ಬೈಯುವೆವು. ಹಣ ಮಂಜೂರಾದ ಮೇಲೆಯೂ ಕೆಲಸವಾಗದಿದ್ದರೆ ಕೇಳಬೇಕಾದುದು ಅಧಿಕಾರಿಯನ್ನು. ಈ ಭೇದವನ್ನರಿಯದೆ ಎಷ್ಟೋ ತಕರಾರುಗಳು ತಪ್ಪು ಬಾಗಿಲಿಗೆ ಹೋಗಿ ಅಲ್ಲಿಯೇ ಸಾಯುತ್ತವೆ.

ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು, ಪೌರಸಂಸ್ಥೆಗಳಿಗೆ ವಹಿಸಿಕೊಡಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. ವಾರ್ಡು ಸಮಿತಿಗಳಿರಬೇಕೆಂದೂ ಹೇಳಿತು. ಆದರೆ ಅವು ಕಡ್ಡಾಯವಾದುದು 3 ಲಕ್ಷ ಜನಸಂಖ್ಯೆಯ ಊರುಗಳಿಗೆ ಮಾತ್ರ. 2011ರ ಗಣತಿಯಲ್ಲಿ ರಬಕವಿ-ಬನಹಟ್ಟಿಯ ಜನಸಂಖ್ಯೆಯು 1 ಲಕ್ಷವನ್ನೂ ಮುಟ್ಟಿರಲಿಲ್ಲ. ದೊಡ್ಡ ಪಟ್ಟಣಿಗನಿಗೆ ಕಾಯಿದೆಯೇ ಒಂದು ಕುರ್ಚಿ ಹಾಕಿಕೊಟ್ಟಿದೆ. ನಮ್ಮಂಥವರು ನಿಂತೇ ಮಾತಾಡಬೇಕು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಕಡ್ಡಾಯವಲ್ಲವೆಂದರೆ ನಿಷಿದ್ಧವೆಂದಲ್ಲ. ಓಣಿಯ ಜನ ಗುಡಿಯ ಕಟ್ಟೆಯಲ್ಲಿ ಕೂಡಿ, ಸದಸ್ಯರನ್ನು ಕರೆದು ಪ್ರಶ್ನಿಸುವುದನ್ನು ಯಾವ ಕಾಯಿದೆಯೂ ತಡೆದಿಲ್ಲ.

ಜನ ಸುಮ್ಮನಿದ್ದರೆ ಏನಾಗುವುದೆಂಬುದಕ್ಕೆ ದೂರದ ದೃಷ್ಟಾಂತ ಬೇಡ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ಪೌರಸಂಸ್ಥೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದ ಸುಮಾರು ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ. ಗೆದ್ದವರು ಮನೆಯಲ್ಲಿ ಕುಳಿತರು. ಆಡಳಿತವನ್ನು ಅಧಿಕಾರಿಗಳು ನಡೆಯಿಸಿದರು. ಮತ ಕೊಟ್ಟವರಲ್ಲಿ ಇದನ್ನು ಕೇಳಿದವರು ಬಹು ವಿರಳ.

ನನ್ನ ದೃಷ್ಟಿಯಲ್ಲಿ ಪುರಜನರ ಮುಖ್ಯ ಕೆಲಸವಿರುವುದು ಆಯವ್ಯಯದಲ್ಲಿ. ಅದನ್ನು ಸಿದ್ಧಪಡಿಸುವ ಮುನ್ನ ಜನರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯುತ್ತದೆ. ಅಲ್ಲಿ ಕುರ್ಚಿಗಳು ಖಾಲಿ ಉಳಿಯುವುದನ್ನು ಕಂಡವರು ನಿಮ್ಮಲ್ಲಿಯೂ ಇರಬಹುದು. ಆರ್ಥಿಕ ವರ್ಷವು ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ ಚಳಿಗಾಲದಲ್ಲಿಯೇ ಎಚ್ಚರಾಗಬೇಕು. ನಿಮ್ಮ ಓಣಿಯ ನಳ, ದೀಪ, ಗಟಾರಗಳ ಬೇಡಿಕೆಯನ್ನು ಹತ್ತು ಮನೆಯವರು ಸಹಿ ಮಾಡಿ ಆಗಲೇ ಕೊಡಿರಿ, ಸ್ವೀಕೃತಿ ಪಡೆಯಿರಿ. ಮಾರ್ಚ್ ತಿಂಗಳಲ್ಲಿ ಕೂಗಿದರೆ ಹಣವೆಲ್ಲ ಹಂಚಿ ಹೋಗಿರುತ್ತದೆ. ಮನೆಪಟ್ಟಿಯನ್ನು ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಇದೆಯಷ್ಟೆ. ಕಟ್ಟಿದ ರಸೀದಿಯನ್ನು ಕೈಯಲ್ಲಿ ಹಿಡಿದು ಕೇಳುವವನ ಮಾತಿಗೆ ತೂಕವೇ ಬೇರೆ.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಸರಕಾರಿ ಕೆಲಸದಲ್ಲಿರುವ ನೀವು ಚುನಾವಣೆಗೆ ನಿಲ್ಲಲಾರಿರಿ. ಆದರೆ ಮೇಲಿನ ತರಗತಿಯ ಮಕ್ಕಳಿಗೆ ಬಡ್ಡಿಯ ಲೆಕ್ಕದೊಡನೆ ನಗರಸಭೆಯ ಆಯವ್ಯಯದ ಒಂದು ಪುಟವನ್ನೂ ಬಿಡಿಸಲು ಕೊಡಬಲ್ಲಿರಿ. ಆ ಪುಟವಾಗಲಿ ಸಭೆಯ ನಡವಳಿಯಾಗಲಿ ಸುಲಭವಾಗಿ ದೊರೆಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಶುಲ್ಕ 10 ರೂಪಾಯಿ. ಉತ್ತರದ ಅವಧಿ 30 ದಿನ. ಅರ್ಜಿಯಲ್ಲಿ ವಿಷಯ ಒಂದೇ ಇರಲಿ, ಬರಹ 150 ಶಬ್ದಗಳನ್ನು ಮೀರದಿರಲಿ. ಅದನ್ನು ಕನ್ನಡದಲ್ಲಿಯೇ ಬರೆಯಬಹುದು.